ಮನೆ ಮಾರುವ ಮುನ್ನ ಮರದ ಪೆಟ್ಟಿಗೆ ತೆರೆಯಿರಿ

ನಮ್ಮವರು ಮನೆ ಕಟ್ಟಿಸುವಾಗ ಊರಿಗೆಲ್ಲ ತಿಳಿಯುವಂತೆ ಕಟ್ಟಿಸುತ್ತಾರೆ. ಮಾರುವಾಗ ಮಾತ್ರ ನೆರೆಮನೆಯ ನಾಯಿಗೂ ಗೊತ್ತಾಗದಂತೆ ಮಾರುತ್ತಾರೆ. ಗೃಹಪ್ರವೇಶಕ್ಕೆ ಆಮಂತ್ರಣ ಪತ್ರಿಕೆಯುಂಟು, ವಾಲಗವುಂಟು, ಊಟಕ್ಕೆ ನಾಲ್ಕು ಪಂಕ್ತಿಯುಂಟು. ಅದೇ ಮನೆಯನ್ನು ಮೊಮ್ಮಕ್ಕಳು ಮಾರುವ ಕಾಲ ಬಂದಾಗ ದಲಾಲಿಯೊಬ್ಬನು ಮುಸ್ಸಂಜೆಯ ಹೊತ್ತಿಗೆ ಬೈಕು ನಿಲ್ಲಿಸಿ ಹಿಂಬಾಗಿಲಿನಿಂದ ಒಳಗೆ ಬರುತ್ತಾನೆ. "ಹಿರಿಯರ ಮನೆ ಮಾರಿ ಉಂಡರು" ಎಂಬ ಮಾತು ಕೇಳಬೇಕಾದೀತೆಂಬ ಅಳುಕು ಎಲ್ಲರಿಗೂ ಇದೆ. ಆ ಅಳುಕಿನಿಂದಾಗಿ ಗುಟ್ಟು, ಗುಟ್ಟಿನಿಂದಾಗಿ ಅವಸರ, ಅವಸರದಿಂದಾಗಿ ನಷ್ಟ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ, ಬಾಯಾರು ಭಾಗಗಳಲ್ಲಿ ಕಳೆದ ಹತ್ತಿಪ್ಪತ್ತು ವರ್ಷಗಳಲ್ಲಿ ಕೈಬದಲಾದ ಕನ್ನಡಿಗರ ಮನೆಗಳನ್ನು ಕಂಡವರು ಯಾರೂ ಈ ಮಾತನ್ನು ಅಲ್ಲಗಳೆಯಲಾರರೆಂದು ನಂಬಿದ್ದೇವೆ.

ಗಡಿನಾಡಿನ ಕನ್ನಡಿಗರು ಮನೆ, ಆಸ್ತಿ ಮಾರಲೇ ಬಾರದು ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ಹೇಳಲಿ. ಹೇಳುವವರ ಮಕ್ಕಳೂ ಬೆಂಗಳೂರಿನಲ್ಲಿಯೋ ದುಬಾಯಿಯಲ್ಲಿಯೋ ಇದ್ದಾರೆ, ಅವರ ಮನೆಯ ಮಾಡಿನ ಹಂಚು ಕೂಡ ಮಂಗಗಳ ಪಾಲಾಗುತ್ತಿದೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ 'ಗಿಳಿವಿಂಡು' ಎಂಬ ಸ್ಮಾರಕವಾಗಿ ಉಳಿಯಿತು, ಅದು ನಮ್ಮ ಭಾಗ್ಯ. ಆದರೆ ಎಲ್ಲರ ಅಜ್ಜಂದಿರೂ ಗೋವಿಂದ ಪೈಗಳಲ್ಲ. ಬೀಗ ಹಾಕಿದ ಮನೆ ಮೂರು ಮಳೆಗಾಲದಲ್ಲಿ ಮುಕ್ಕಾಗುತ್ತದೆ, ಐದು ಮಳೆಗಾಲದಲ್ಲಿ ಕುಸಿಯುತ್ತದೆ. ಹಾಗೆ ಕುಸಿಯಗೊಡುವುದಕ್ಕಿಂತ, ದೀಪ ಹಚ್ಚುವ ಇನ್ನೊಂದು ಕುಟುಂಬದ ಕೈಗೆ ಕೊಡುವುದರಲ್ಲಿ ನಮಗೆ ಅವಮಾನವೇನೂ ಕಾಣುವುದಿಲ್ಲ. ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು ಎಂಬ ಗುಸುಗುಸು ಮಾತಿಗೂ ನಮ್ಮ ಬೆಂಬಲವಿಲ್ಲ. ಮಾರುವುದೇ ಆದರೆ ತಲೆಯೆತ್ತಿ ಹೇಗೆ ಮಾರಬೇಕು ಎಂಬುದಷ್ಟೇ ಇಲ್ಲಿನ ವಿಚಾರ. ಇದನ್ನು ನಾವು ಪುಸ್ತಕ ಓದಿ ಕಲಿತವರಲ್ಲ. ನಮ್ಮ ಸ್ವಂತ ಮನೆಯನ್ನೇ ಮಾರಿ ಕಲಿತವರು.

ಬದಿಯಡ್ಕದಿಂದ ಪೂರ್ವಕ್ಕೆ ಕೆಲವು ಮೈಲು ದೂರದಲ್ಲಿದ್ದ ಆ ಮನೆಯನ್ನು ನಮ್ಮ ಅಜ್ಜ 1938ರಲ್ಲಿ ಕಟ್ಟಿಸಿದ್ದು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಅಡಿಕೆ ಒಣಗಿಸುವ ಅಂಗಳ, ಹಿಂದೆ ಗುಡ್ಡದೊಳಗೆ ಕೊರೆದ ಸುರಂಗದಿಂದ ಬರುವ ನೀರು. ತಾಯಿಯವರು ತೀರಿಕೊಂಡ ಮೇಲೆ ಅಲ್ಲಿ ವಾಸಿಸುವವರಿಲ್ಲದಾಯಿತು. ಅಣ್ಣ ಬೆಂಗಳೂರಿನಲ್ಲಿ, ಅಕ್ಕಂದಿರಿಬ್ಬರೂ ಗಟ್ಟದ ಮೇಲೆ, ನಾವು ಶಾಲೆಯ ಹತ್ತಿರ ಬಾಡಿಗೆಮನೆಯಲ್ಲಿ. 2022ರ ದೀಪಾವಳಿಗೆ ಎಲ್ಲರೂ ಸೇರಿದಾಗ ಮಾರುವುದೆಂದು ತೀರ್ಮಾನವಾಯಿತು. ಅಂದು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ ಎಂಬುದನ್ನು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ.

ಮಾರುವ ಮನೆಯನ್ನು ಸಿದ್ಧಗೊಳಿಸುವುದೆಂದರೆ ಬಣ್ಣ ಬಳಿಯುವುದು ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ನಾವೂ ಅದನ್ನೇ ಮಾಡಿದೆವು. ದಲಾಲಿಯ ಸಲಹೆಯಂತೆ ಮೂಲೆಮೂಲೆಗೆ ಪುಟ್ಟಿ ಹಚ್ಚಿಸಿ, ಮೇಲೆ ಮಿರಮಿರ ಮಿನುಗುವ ಎಮಲ್ಷನ್ ಬಳಿಸಿದೆವು. ತಳಭಾಗದಲ್ಲಿ ಒಂದೂವರೆ ಅಡಿ ಎತ್ತರದವರೆಗೆ ತೇವ ಏರಿದ್ದ ಗೋಡೆ ಅದು. ಎಂಬತ್ತು ವರ್ಷ ಸುಣ್ಣವನ್ನೇ ಕಂಡ ಮುರಕಲ್ಲಿನ ಗೋಡೆ ಉಸಿರಾಡುತ್ತದೆ. ಒಳಗಿನ ತೇವವನ್ನು ಸುಣ್ಣದ ಮೂಲಕ ಹೊರಗೆ ಬಿಡುತ್ತದೆ. ಪ್ಲಾಸ್ಟಿಕ್ಕಿನಂಥ ಬಣ್ಣ ಅದರ ಬಾಯಿಕಟ್ಟಿತು. ಅಕಾಲದಲ್ಲಿ ಮೂರು ದಿನ ಮಳೆ ಸುರಿದದ್ದೇ ತಡ, ಬಣ್ಣ ಗುಳ್ಳೆಯೆದ್ದು ಹಪ್ಪಳದಂತಾಯಿತು. ಆ ವಾರವೇ ಮನೆ ನೋಡಲು ಬಂದ ಹಿರಿಯರೊಬ್ಬರು ಏನೂ ಮಾತಾಡದೆ ಗುಳ್ಳೆಯೊಂದನ್ನು ಉಗುರಿನಿಂದ ಒಡೆದರು, ಒಳಗಿನ ಹುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು, "ಮಾಷೇ, ಬೇರೆ ಏನೆಲ್ಲ ಮುಚ್ಚಿದ್ದೀರಿ?" ಎಂದು ಮಲಯಾಳದಲ್ಲಿ ಕೇಳಿದರು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ಆ ಒಂದು ಪ್ರಶ್ನೆಗೆ ಉತ್ತರ ತೋಚಲಿಲ್ಲ. ಬಣ್ಣಕ್ಕೆ ಸುರಿದ ಹಣ ಹೋಯಿತು, ಗಿರಾಕಿಯೂ ಹೋದರು.

ಆಮೇಲೆ ಬುದ್ಧಿ ಬಂತು. ಬಣ್ಣ ಕೆರೆಸಿ ಸುಣ್ಣ ಬಳಿಸಿದೆವು. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಸುತ್ತಲೂ ಚರಂಡಿ ಬಿಡಿಸಿದೆವು. ನಿಜವಾದ ರೋಗ ಅಲ್ಲಿತ್ತು. ಒಡೆದ ಹಂಚುಗಳನ್ನು ಬದಲಿಸಿ, ಗೆದ್ದಲು ಹಿಡಿದ ನಾಲ್ಕು ಪಕ್ಕಾಸುಗಳನ್ನು ತೆಗೆಸಿ ಹೊಸತು ಹಾಕಿಸಿದೆವು. ಹೊಸ ಪಕ್ಕಾಸಿಗೆ ಹಳತರ ಬಣ್ಣ ಬಳಿಯಲು ಬಡಗಿ ಹೊರಟಾಗ ಬೇಡವೆಂದೆವು. ರಿಪೇರಿ ಮಾಡಿದ್ದು ಎದ್ದು ಕಾಣಬೇಕು. ಎದ್ದು ಕಂಡರೆ ಮಾತ್ರ, ನೋಡುವವನಿಗೆ ಈ ಮನೆಯನ್ನು ಯಾರೋ ನೋಡಿಕೊಂಡಿದ್ದಾರೆ ಎಂಬ ಧೈರ್ಯ ಬರುತ್ತದೆ.

ಮುಚ್ಚಿದ ಮನೆಗೆ ಒಂದು ವಾಸನೆಯಿದೆ. ಬಾವಲಿ, ಹಳೆಯ ಹಾಸಿಗೆ, ಹೊಗೆ ಹಿಡಿದ ಅಡಿಗೆಮನೆ, ಅಟ್ಟದಲ್ಲಿ ಕೊಳೆತ ಅಡಿಕೆಹಾಳೆ ಇವೆಲ್ಲ ಸೇರಿದ ವಾಸನೆ ಅದು. ಅಲ್ಲಿಯೇ ಹುಟ್ಟಿ ಬೆಳೆದ ನಮಗೆ ಅದು ತಾಯಿಯ ಸೆರಗಿನ ವಾಸನೆಯಂತೆ. ಹೊರಗಿನವನಿಗೆ ಮೂಗು ಮುಚ್ಚುವಂಥದ್ದು. ಗಿರಾಕಿ ಬರುವ ದಿನ ಬೆಳಿಗ್ಗೆ ಊದುಬತ್ತಿ ಹಚ್ಚಿದರೆ ಅದು ಹೋಗುವುದಿಲ್ಲ. ಹದಿನೈದು ದಿನ ಮುಂಚಿತವಾಗಿಯೇ ಎಲ್ಲ ಕಿಟಕಿ ಬಾಗಿಲು ತೆರೆಯಬೇಕು, ಅಟ್ಟ ಖಾಲಿ ಮಾಡಬೇಕು, ಒಲೆ ಉರಿಸಬೇಕು, ಬಚ್ಚಲು ಕಕ್ಕಸುಗಳನ್ನು ತಿಕ್ಕಿ ತೊಳೆಯಬೇಕು. ಉರಿಯದ ಬಲ್ಬುಗಳನ್ನು ಬದಲಿಸಬೇಕು. ನೂರು ರೂಪಾಯಿಯ ಬಲ್ಬು ಹಾಕದೆ ನಲ್ವತ್ತು ಲಕ್ಷದ ಮನೆಯನ್ನು ಟಾರ್ಚು ಹಿಡಿದು ತೋರಿಸಿದವರನ್ನು ನಾವು ಬಲ್ಲೆವು.

ಹಾಗೆಯೇ, ತೋರಿಸುವ ಕಾಲ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದರಿಂದ ಡಿಸೆಂಬರ್, ಜನವರಿಯಲ್ಲಿ ಎಲ್ಲ ಮಾಡುಗಳೂ ಭದ್ರವಾಗಿಯೇ ಕಾಣುತ್ತವೆ. ಜಾಣ ಗಿರಾಕಿ ಎರಡು ಸಲ ಬರುತ್ತಾನೆ: ಸೋರುವುದನ್ನು ನೋಡಲು ಆಟಿಯಲ್ಲಿ, ನೀರು ನೋಡಲು ಮೇ ತಿಂಗಳಲ್ಲಿ. ಜಾಣ ಮಾರಾಟಗಾರನೂ ಅವನನ್ನು ಹಾಗೆಯೇ ಕರೆಯಬೇಕು. ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರುಗಳು ಹೆಚ್ಚುತ್ತಿರುವ ಈ ಜಿಲ್ಲೆಯಲ್ಲಿ, ಮೇ ತಿಂಗಳ ನಡುವಿನಲ್ಲಿಯೂ ಬತ್ತದ ಬಾವಿಗಿಂತ, ಹೆಬ್ಬೆರಳ ಗಾತ್ರದ ನೀರನ್ನಾದರೂ ಬಿಡದೆ ಕೊಡುವ ಸುರಂಗಕ್ಕಿಂತ ದೊಡ್ಡ ಜಾಹೀರಾತು ಬೇಕೆ? ಅದನ್ನು ತೋರಿಸದೆ ಹೊಸ ಗೇಟು ತೋರಿಸುತ್ತೇವೆ.

"ಹಳೇ ಮನೆಗೆ ಬೆಲೆಯಿಲ್ಲ ಮಾಷೇ, ಸೆಂಟಿನ ಲೆಕ್ಕ ಮಾತ್ರ" ಎಂಬುದು ದಲಾಲಿಗಳ ಮಂತ್ರ. ಅರ್ಧ ಸತ್ಯ ಅದು. ಜೆ.ಸಿ.ಬಿ. ತಂದು ಕೆಡವಿ ಹೊಸ ಮನೆ ಕಟ್ಟುವವನಿಗೆ ಹಳೆಯ ಮನೆ ಬರಿಯ ಕಲ್ಲಿನ ರಾಶಿ. ವಾಸಕ್ಕೆಂದು ಬರುವವನಿಗೆ ಹಾಗಲ್ಲ. ನಾವು ಮನೆಯನ್ನು ತೋರಿಸುವ ಮೊದಲು ಬಂದವರು ಯಾವ ಜಾತಿಯ ಗಿರಾಕಿ ಎಂದು ತಿಳಿದುಕೊಂಡರೆ ಇಬ್ಬರ ಹೊತ್ತೂ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಹಳೆಯ ಮರದ ವ್ಯಾಪಾರಿಗಳು ಮೂಸುತ್ತಾ ಬರುತ್ತಾರೆ. ಚಾವಡಿಯ ಕಂಬ, ಕೆತ್ತನೆಯ ಬಾಗಿಲು, ಹಲಸಿನ ಮರದ ಪೆಟ್ಟಿಗೆ ಇವಕ್ಕೆ ಕೈಯಲ್ಲಿ ಹಣ ಹಿಡಿದು ನಿಲ್ಲುತ್ತಾರೆ. ಬಾಗಿಲು ಕಿತ್ತು ಮಾರಿದ ಮೇಲೆ ಉಳಿಯುವುದು ಹಲ್ಲುದುರಿದ ಬಾಯಿ. ಅಂಥ ಮನೆಯನ್ನು ವಾಸಕ್ಕೆಂದು ಕೊಳ್ಳುವವರು ಯಾರು?

ಇಷ್ಟೆಲ್ಲ ಹೊರಗಿನ ಮಾತಾಯಿತು. ನಮ್ಮ ಅನುಭವದಲ್ಲಿ ಮನೆಯ ಮಾರಾಟ ನಿಂತುಹೋಗುವುದು ಗೋಡೆಯಿಂದಲ್ಲ, ಕಾಗದದಿಂದ. ಅದರಲ್ಲಿಯೂ ನಮ್ಮ ಕನ್ನಡದ ಕಾಗದದಿಂದ.

ಹಳಬರಿಗೆಲ್ಲ ಗೊತ್ತಿರುವ ವಿಷಯವೇ ಆದರೂ ಎಳೆಯರಿಗಾಗಿ ಹೇಳಬೇಕು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ಕಾಲದ ಕ್ರಯಪತ್ರ, ಪಾಲುಪಟ್ಟಿ, ಮೂಲಗೇಣಿ ಚೀಟು, ಅಡವಿನ ಕಾಗದ ಎಷ್ಟೋ ಮನೆಗಳಲ್ಲಿ ಕನ್ನಡದಲ್ಲಿಯೇ ಇವೆ. ಮೋಡಿ ಹಿಡಿದ ಕೈಬರಹ, ವಿರಾಮಚಿಹ್ನೆಯಿಲ್ಲದೆ ಒಂದೇ ಉಸಿರಿನಲ್ಲಿ ಓಡುವ ವಾಕ್ಯ, ರೂಪಾಯಿ ಆಣೆ ಪೈ, ಮುಡಿ ಅಕ್ಕಿಯ ಲೆಕ್ಕ, ಮೂಡು ಪಡು ತೆಂಕು ಬಡಗು ಎಂದು ನಾಲ್ಕು ಗಡಿ. ಈ ಕಾಗದಗಳು ಮರದ ಪೆಟ್ಟಿಗೆಯಲ್ಲಿ ಒಣ ಬೇವಿನ ಸೊಪ್ಪಿನ ನಡುವೆ ಮಲಗಿವೆ. ಇಂಗ್ಲಿಷು ಕಲಿತ ಮೊಮ್ಮಗ ಅದನ್ನು ಓದಲಾರ, ಕೊಳ್ಳುವವರ ವಕೀಲರೂ ಓದಲಾರರು. ಓದಲಾರದ ಕಾಗದ ಇದ್ದೂ ಇಲ್ಲದಂತೆ. "ಕಾಗದ ಕ್ಲಿಯರ್ ಇಲ್ಲ" ಎಂಬ ಒಂದು ಮಾತಿನಿಂದ ದಲಾಲಿ ಸೆಂಟಿಗೆ ಸಾವಿರಗಟ್ಟಲೆ ಇಳಿಸುತ್ತಾನೆ. ಕಾಗದ ಶುದ್ಧವಾಗಿಯೇ ಇರುತ್ತದೆ. ಓದಿ ಹೇಳುವ ನಾಲಗೆ ಮಾತ್ರ ಇರುವುದಿಲ್ಲ.

ನಮ್ಮ ಪೆಟ್ಟಿಗೆಯಲ್ಲಿ ಎರಡು ಬಗೆಯ ಕಾಗದಗಳಿದ್ದವು. ತೋಟದ ಜಾಗಕ್ಕೆ ಲ್ಯಾಂಡ್ ಟ್ರಿಬ್ಯುನಲ್ಲಿನಿಂದ ನಮ್ಮ ತಂದೆಗೆ ಸಿಕ್ಕಿದ ಪಟ್ಟಯ. 1963ರ ಕೇರಳ ಭೂಸುಧಾರಣಾ ಕಾನೂನಿಗೆ ಆದ ತಿದ್ದುಪಡಿಗಳು 1970ರ ಜನವರಿ 1ರಿಂದ ಜಾರಿಗೆ ಬಂದು ಗೇಣಿದಾರರು ಒಡೆಯರಾದ ಕಾಲದ್ದು ಅದು. ಮನೆಯಿರುವ ಅಡಿಸ್ಥಳಕ್ಕೆ ಮಾತ್ರ ಅಜ್ಜ 1934ರಲ್ಲಿ ಮಾಡಿಸಿದ ಕನ್ನಡದ ಕ್ರಯಪತ್ರ. ಎರಡು ಭಾನುವಾರ ಕೂತು, ಭೂತಗನ್ನಡಿ ಹಿಡಿದು ನಾವು ಅದನ್ನು ಓದಿದೆವು. ಮೂರನೆಯ ಪುಟದ ಕೊನೆಗೆ ಒಂದು ಸಾಲು ಸಿಕ್ಕಿತು. ಪಡುವಣ ಅಗಳಿನ ಒತ್ತಿನಲ್ಲಿ ಆರು ಅಡಿ ಅಗಲದ ಹಾದಿಯಲ್ಲಿ ನೆರೆಯ ಕುಳದವರಿಗೆ ತೋಡಿನವರೆಗೆ ಜಾನುವಾರು ಹೊಡೆದುಕೊಂಡು ಹೋಗುವ ಹಕ್ಕು ಶಾಶ್ವತವಾಗಿ ಇರತಕ್ಕದ್ದೆಂದು ಅಜ್ಜ ಒಪ್ಪಿದ್ದರು! ಆ ಹಾದಿಯನ್ನು ನಮ್ಮ ತಂದೆಯ ಕಾಲದಲ್ಲಿಯೇ ತಡಮೆ ಹಾಕಿ ಮುಚ್ಚಲಾಗಿತ್ತು. ನೆರೆಯವರಲ್ಲಿ ಈಗ ಜಾನುವಾರೂ ಇಲ್ಲ, ಆ ಹಕ್ಕಿನ ನೆನಪೂ ಇಲ್ಲ.

ಅಷ್ಟರಲ್ಲಿ ಹೊಸ ಗಿರಾಕಿ ಸಿಕ್ಕಿದ್ದರು. ಗಲ್ಫಿನಿಂದ ಮರಳಿದವರೊಬ್ಬರು, ವಯಸ್ಸಾದ ತಾಯಿಯೊಂದಿಗೆ ವಾಸಕ್ಕೇ ಬರುವವರು. ಬೆಲೆಯೂ ಹೆಚ್ಚುಕಡಿಮೆ ಕುದುರಿತ್ತು. ಅಣ್ಣನಿಗೆ ಫೋನು ಮಾಡಿ ಆ ಸಾಲಿನ ವಿಷಯ ಹೇಳಿದೆವು.

"ಅದನ್ನು ಅವರಿಗೆ ಯಾಕೆ ಹೇಳುವುದು ಮಾರಾಯ? ಅವರಿಗೆ ಕನ್ನಡ ಓದಲು ಗೊತ್ತುಂಟಾ?" ಎಂದ ಅಣ್ಣ.

ವಾಚಕರೇ, ಅಣ್ಣ ಕೆಟ್ಟವನಲ್ಲ. ನಮ್ಮ ಫೀಸು ಕಟ್ಟಿ ಓದಿಸಿದವನು ಅವನು. ಆದರೆ ಆ ಮಾತು ನಮ್ಮ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಕಚೇರಿಗಳಲ್ಲಿ ನಮಗೆ ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಹಾಕಿಸುತ್ತಾರೆ, ಅರ್ಜಿಯ ನಮೂನೆ ಅರ್ಥವಾಗುವುದಿಲ್ಲ, ಕನ್ನಡ ಬಲ್ಲ ನೌಕರರನ್ನು ಕೊಡಿ ಎಂದು ನಾವು ಎಷ್ಟು ವರ್ಷಗಳಿಂದ ಮನವಿ ಬರೆಯುತ್ತಿದ್ದೇವೆ! ಇದೇ ಪತ್ರಿಕೆಯಲ್ಲಿ ಎಷ್ಟು ಕಾಲಂ ತುಂಬಿಸಿದ್ದೇವೆ! ಅದೇ ನಾವು, ಎದುರಿನವನಿಗೆ ನಮ್ಮ ಭಾಷೆ ಓದಲು ಬಾರದೆಂಬ ಒಂದೇ ಧೈರ್ಯದಿಂದ ಅವನ ತಲೆಗೆ ಒಂದು ವ್ಯಾಜ್ಯವನ್ನು ಕಟ್ಟುವುದೆ? ನಮಗಾದದ್ದು ಅನ್ಯಾಯವಾದರೆ ಇದೂ ಅನ್ಯಾಯವೇ.

ಮಲಯಾಳ ಮಾಧ್ಯಮದಲ್ಲಿ ಮುಂದೆ ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿ, ಇಡೀ ಕ್ರಯಪತ್ರವನ್ನು ಮಲಯಾಳಕ್ಕೆ ಮಾಡಿಸಿದೆವು. ಆ ಸಾಲನ್ನು ಮೊದಲು ಮಾಡಿಸಿದೆವು. ಗಿರಾಕಿಯ ಕೈಯಲ್ಲಿ ಕೊಟ್ಟಾಗ ಅವರು ಓದಿ, ಅರ್ಧ ಗಂಟೆ ಅಂಗಳದಲ್ಲಿ ಅತ್ತಿತ್ತ ನಡೆದರು. ಬೆಲೆಯಲ್ಲಿ ಒಂದೂವರೆ ಲಕ್ಷ ಕಡಿಮೆ ಮಾಡಿದರು. ಕೊಟ್ಟೆವು. ನೆರೆಯವರನ್ನು ಕರೆದು ಹೇಳಿದಾಗ ಅವರು ಆ ಹಾದಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಇಷ್ಟು ದಿನ ಇಲ್ಲದ ಆಸೆ ಅವರಿಗೂ ಹುಟ್ಟಿತು. ಕೊನೆಗೆ ಆರು ಅಡಿ ನಾಲ್ಕು ಅಡಿಯಾಗಿ ಹೊಸ ಆಧಾರದಲ್ಲಿ ಸೇರಿತು. ಅಣ್ಣ ನಾಲ್ಕು ತಿಂಗಳು ನಮ್ಮಲ್ಲಿ ಮಾತು ಬಿಟ್ಟಿದ್ದ. ಈಗ ಮಾತಾಡುತ್ತಾನೆ, ಆ ಒಂದೂವರೆ ಲಕ್ಷದ ವಿಷಯ ಒಂದನ್ನು ಬಿಟ್ಟು.

ಆದುದರಿಂದಲೇ ನಾವು ಹೇಳುವುದು: ಮಾರುವ ಯೋಚನೆ ಬಂದ ದಿನವೇ, ಸುಣ್ಣದ ಡಬ್ಬಿ ತರುವ ಮೊದಲು, ಪೆಟ್ಟಿಗೆ ತೆರೆಯಿರಿ. ಗಿರಾಕಿ ಬಂದ ಮೇಲೆ ತೆರೆದರೆ ಒಳಗಿನಿಂದ ಏನು ಹೊರಬಂದರೂ ಅದು ಗುಟ್ಟು ಮಾಡಿದಂತೆ ಕಾಣುತ್ತದೆ.

ಪೆಟ್ಟಿಗೆಯ ಕಾಗದಗಳ ಜೊತೆಗೆ ಈಗಿನ ಕಚೇರಿಯ ಕಾಗದಗಳೂ ಕೂಡಬೇಕು. ಗ್ರಾಮಕಚೇರಿಯ ಪ್ರಸಕ್ತ ವರ್ಷದ ತೀರ್ವೆ ರಶೀದಿ, ಸ್ವಾಧೀನಪತ್ರ, ಜಾಗದ ನಕ್ಷೆ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ, ಮಲಯಾಳದಲ್ಲಿ ಕುಡಿಕ್ಕಡ ಎನ್ನುವ ಋಣಭಾರ ಪತ್ರ. ಪಂಚಾಯತಿನಿಂದ ಕಟ್ಟಡ ತೆರಿಗೆಯ ರಶೀದಿ. ತೀರ್ವೆ ಯಾರ ಹೆಸರಿನಲ್ಲಿ ಹೋಗುತ್ತಿದೆ ಎಂದು ನೋಡಿಕೊಳ್ಳಿ. ನಮ್ಮ ಮನೆಯ ಕರೆಂಟು ಬಿಲ್ಲು ನಲ್ವತ್ತು ವರ್ಷಗಳ ಹಿಂದೆ ತೀರಿಕೊಂಡ ಅಜ್ಜನ ಹೆಸರಿಗೇ ತಪ್ಪದೆ ಬರುತ್ತಿತ್ತು. ವಿದ್ಯುತ್ ಮಂಡಳಿಯ ದೃಷ್ಟಿಯಲ್ಲಿ ಅವರಿಗೆ ಸಾವಿರಲಿಲ್ಲ. ಹಳೆಯ ಆಧಾರದಲ್ಲಿ ಎಕ್ರೆ, ಸೆಂಟು. ಹೊಸ ದಾಖಲೆಗಳಲ್ಲಿ ಹೆಕ್ಟೇರು, ಆರ್. ಒಂದು ಆರ್ ಎಂದರೆ 2.47 ಸೆಂಟು. ಗುಣಿಸಿ ನೋಡಿದಾಗ ಎರಡೂ ಹೊಂದದಿದ್ದರೆ ಸರ್ವೇಯವರಿಂದ ಅಳೆಸಿಯೇ ಮುಂದುವರಿಯಬೇಕು. 2022ರ ನವೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ ಡಿಜಿಟಲ್ ಮರುಸರ್ವೇ ನಿಮ್ಮ ಗ್ರಾಮದಲ್ಲಿ ಮುಗಿದಿದ್ದರೆ ಹೊಸ ಅಳತೆಯನ್ನೂ ನೋಡಬೇಕು.

ಇಲ್ಲಿ ನಮ್ಮವರು ಎಡವುವ ಎರಡು ಕಲ್ಲುಗಳಿವೆ. ಒಂದು ಕುಮ್ಕಿ. ಅಜ್ಜನ ಕಾಲದಿಂದ ಸೊಪ್ಪು ಸೌದೆ ತಂದ ಗುಡ್ಡವೆಲ್ಲ ನಮ್ಮದೇ ಎಂದು ತೋರಿಸಿ ಬೆಲೆ ಹೇಳುತ್ತೇವೆ. ದಕ್ಷಿಣ ಕನ್ನಡದ ಹಳೆಯ ಕ್ರಮದಂತೆ ವರ್ಗ ಜಾಗದ ಸುತ್ತಲಿನ ಸರಕಾರಿ ಭೂಮಿಯಲ್ಲಿ ಕೃಷಿಕನಿಗಿದ್ದ ಸೌಲಭ್ಯ ಅದು, ಒಡೆತನವಲ್ಲ. ಪತಿಸಿಕೊಂಡು ಹಕ್ಕುಪತ್ರ ಪಡೆಯದ ಕುಮ್ಕಿಯನ್ನು ಮಾರುವುದೆಂದರೆ ಸರಕಾರದ ಗುಡ್ಡವನ್ನು ಮಾರಿದಂತೆ. ಇನ್ನೊಂದು ಗದ್ದೆ. ಮೂವತ್ತು ವರ್ಷಗಳಿಂದ ತೆಂಗು, ಅಡಿಕೆ ಬೆಳೆದಿದ್ದರೂ ಗ್ರಾಮಕಚೇರಿಯ ಪುಸ್ತಕದಲ್ಲಿ ಅದು 'ನಿಲಂ' ಎಂದೇ ಇರಬಹುದು. 2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನಿನ ಡಾಟಾ ಬ್ಯಾಂಕಿನಲ್ಲಿ ನಿಮ್ಮ ಸರ್ವೇ ನಂಬರ್ ಸೇರಿದ್ದರೆ ಕೊಂಡವನಿಗೆ ಅಲ್ಲಿ ಮನೆ ಕಟ್ಟಲು ಸುಲಭವಿಲ್ಲ. ತಪ್ಪಾಗಿ ಸೇರಿದ್ದರೆ ತೆಗೆಸಲು ಆರ್.ಡಿ.ಒ. ಅವರಿಗೆ ಅರ್ಜಿ ಕೊಡುವ ದಾರಿಯಿದೆ, ಆದರೆ ಅದು ವಾರದಲ್ಲಿ ಮುಗಿಯುವ ಕೆಲಸವಲ್ಲ.

ಪಾಲುಗಾರರ ವಿಷಯವೂ ಅಷ್ಟೆ. ಅಳಿಯಸಂತಾನದ ಕುಟುಂಬಗಳಾಗಲಿ, ಮಕ್ಕಳಕಟ್ಟಿನ ಕುಟುಂಬಗಳಾಗಲಿ, 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕೇರಳದ ಅವಿಭಕ್ತ ಕುಟುಂಬ ರದ್ದತಿ ಕಾನೂನು ಇಲ್ಲಿಯವರೆಲ್ಲರನ್ನೂ ತಟ್ಟಿದೆ. ಗಡಿಯಾಚೆ ಪುತ್ತೂರಿನ ನೆಂಟರ ಲೆಕ್ಕ ನಮಗೆ ಹಾಗೆಯೇ ಹೊಂದುವುದಿಲ್ಲ. ಮದುವೆಯಾಗಿ ಗಟ್ಟ ಹತ್ತಿದ ಅಕ್ಕ ತಂಗಿಯರನ್ನು ಕೊನೆಯ ದಿನ ರುಜುವಿಗೆ ಮಾತ್ರ ಕರೆಯುವ ಪದ್ಧತಿ ನಮ್ಮಲ್ಲಿದೆ. ಅದು ಕಾನೂನಿಗೂ ಸರಿಯಲ್ಲ, ಮರ್ಯಾದೆಗೂ ಸರಿಯಲ್ಲ. ತಿಳಿದ ವಕೀಲರನ್ನು ಮೊದಲೇ ಕೇಳಿ, ಎಲ್ಲರನ್ನೂ ಕೂರಿಸಿ ಮಾತಾಡಬೇಕು. ವಿದೇಶದಲ್ಲಿರುವವರು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಮುಕ್ತಿಯಾರು ಪತ್ರ ಕಳುಹಿಸಬೇಕು. ವಾಟ್ಸಪ್ಪಿನಲ್ಲಿ "ನನ್ನ ಒಪ್ಪಿಗೆ ಇದೆ" ಎಂದರೆ ಸಾಲದು.

ಇನ್ನು ನಾಗಬನ. ಈ ಮಾತನ್ನು ಕೊನೆಯವರೆಗೂ ಯಾರೂ ಎತ್ತುವುದಿಲ್ಲ, ಎತ್ತಿದಾಗ ಎಲ್ಲ ಮುರಿದು ಬೀಳುತ್ತದೆ. ನಮ್ಮ ಬನ ತೋಟದ ಮೂಲೆಯಲ್ಲಿತ್ತು. ಕೊಳ್ಳುವವರು ಬೇರೆ ಮತದವರು. ಸಂಕೋಚ ಇಬ್ಬರಿಗೂ ಇತ್ತು. ನಾವೇ ಮೊದಲು ಬಾಯಿಬಿಟ್ಟೆವು: ಬನವಿರುವ ಎರಡು ಸೆಂಟನ್ನು ಮಾರುವುದಿಲ್ಲ, ಅಲ್ಲಿಗೆ ಹೋಗಲು ಮೂರಡಿ ಕಾಲುಹಾದಿ ಬೇಕು, ಎರಡೂ ಆಧಾರದಲ್ಲಿ ಬರೆಯಬೇಕು. ಅವರು ಒಂದು ಕ್ಷಣವೂ ತಡೆಯದೆ ಒಪ್ಪಿದರು. ಅವರ ತಾಯಿ ಮಾತ್ರ, ವರ್ಷಕ್ಕೆ ಎಷ್ಟು ಸಲ ಬರುತ್ತೀರಿ, ಬರುವ ದಿನ ಮುಂಚಿತವಾಗಿ ಹೇಳಿದರೆ ಗೇಟು ತೆರೆದಿಡುತ್ತೇವೆ ಎಂದರು. ಬೇರೆ ಕುಟುಂಬಗಳಲ್ಲಿ ಬೇರೆ ಕ್ರಮವಿರಬಹುದು. ತಂತ್ರಿಗಳನ್ನು ಕೇಳಿ ಕಲ್ಲನ್ನು ಬೇರೆಡೆ ಪ್ರತಿಷ್ಠೆ ಮಾಡಿದವರೂ ಇದ್ದಾರೆ. ಏನು ಮಾಡುವುದಿದ್ದರೂ ಕರಾರಿಗೆ ಮೊದಲೇ ಮಾಡಬೇಕು.

ದಲಾಲಿ ಕೊಟ್ಟ ಇನ್ನೊಂದು ಸಲಹೆಯನ್ನೂ ಹೇಳಿಬಿಡುತ್ತೇವೆ. ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಮನೆಯ ಹೆಸರು ಕನ್ನಡದಲ್ಲಿತ್ತು. "ಅದರ ಮೇಲೆ ಸಿಮೆಂಟು ಎಳೆಯಿರಿ ಮಾಷೇ, ನೋಡುವವರಿಗೆ ಅನ್ಯವಾಗಿ ಕಾಣುತ್ತದೆ" ಎಂದ. ಎಳೆಯಲಿಲ್ಲ. ಮನೆ ನೋಡಲು ಬಂದವರಲ್ಲಿ ಒಬ್ಬರಾದರೂ ಅದರಿಂದಾಗಿ ಮುಖ ತಿರುಗಿಸಿದ್ದನ್ನು ನಾವು ಕಾಣೆವು. ಕೊಂಡವರು ಹೆಸರಿನ ಕೆಳಗಿನ ಅಂಕಿಗಳು ಯಾವುವು ಎಂದು ಕೇಳಿದರು. 1938 ಎಂದು ಓದಿ ಹೇಳಿದೆವು. "ನನ್ನ ಉಮ್ಮನಿಗಿಂತ ಹಿರಿಯ ಮನೆ" ಎಂದು ನಕ್ಕರು. ನಮ್ಮನ್ನು ನಾವೇ ಒರೆಸಿಕೊಳ್ಳುವ ಚಪಲ ನಮ್ಮಲ್ಲಿಯೇ ಹೆಚ್ಚಿದೆಯೋ ಏನೋ.

ಹಣದ ಮಾತು ಚುಟುಕಾಗಿ ಹೇಳುತ್ತೇವೆ. ಕೇರಳದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ನಲ್ವತ್ತು ಲಕ್ಷಕ್ಕೆ ನಾಲ್ಕು ಲಕ್ಷವಾಯಿತು. ಅದನ್ನು ಸಾಮಾನ್ಯವಾಗಿ ಕೊಳ್ಳುವವನು ಕೊಡುತ್ತಾನೆ. ಆದುದರಿಂದ ಕಾಗದದಲ್ಲಿ ಕಡಿಮೆ ಬರೆಯೋಣ, ಉಳಿದದ್ದನ್ನು ನಗದಾಗಿ ಕೊಡುತ್ತೇನೆ ಎಂಬ ಮಾತು ಬಂದೇ ಬರುತ್ತದೆ. 2010ರಿಂದ ಸರಕಾರವೇ ನ್ಯಾಯಬೆಲೆ ಗೊತ್ತುಮಾಡಿ ಅದಕ್ಕಿಂತ ಕೆಳಗಿಳಿಯದಂತೆ ಮಾಡಿದ್ದರೂ ಆ ರೋಗ ಪೂರ್ತಿ ವಾಸಿಯಾಗಿಲ್ಲ. ಸ್ಥಿರಾಸ್ತಿಯ ಬಾಬ್ತು 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ ಎಂಬುದು ನೆನಪಿರಲಿ. ಅಚ್ಚಾರದ ಹಣವೂ ಬ್ಯಾಂಕಿನ ಮೂಲಕವೇ ಬರಲಿ. 2001ಕ್ಕೆ ಮೊದಲು ಬಂದ ಆಸ್ತಿಗೆ ಲಾಭದ ತೆರಿಗೆ ಲೆಕ್ಕ ಹಾಕುವಾಗ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಆಧಾರವಾಗಿ ಹಿಡಿಯಬಹುದು. ತಿಳಿದವರಿಂದ ಬೆಲೆ ಕಟ್ಟಿಸಿಟ್ಟುಕೊಂಡರೆ ಅನುಕೂಲ. ದಲಾಲಿಯ ಕಮಿಷನ್ ಎಷ್ಟೆಂಬುದನ್ನು ಮೊದಲ ದಿನವೇ, ಚಹಾ ಕೊಡುವ ಮೊದಲೇ, ಕೇಳಿಬಿಡಿ.

ಹಳೆಯ ಕನ್ನಡ ಕಾಗದಗಳ ಬಗ್ಗೆ ಸರಕಾರಕ್ಕೂ ಒಂದು ಮಾತು ಹೇಳುವುದಿದೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಅರ್ಜಿ ಕನ್ನಡದಲ್ಲಿ ಬರೆದರೆ ಸಾಲದು, ಆಧಾರವನ್ನೂ ಓದುವವರು ಬೇಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸಬ್‌ರಿಜಿಸ್ಟ್ರಾರ್ ಕಚೇರಿಗಳ ವ್ಯಾಪ್ತಿಯಲ್ಲಿ ಹಳೆಯ ಕನ್ನಡ ಬರಹವನ್ನು ಓದಿ, ಅಧಿಕೃತ ಮುದ್ರೆಯೊತ್ತಿ ಮಲಯಾಳಕ್ಕೆ ಮಾಡಿಕೊಡುವ ಅನುವಾದಕರನ್ನು ನಿಗದಿತ ಶುಲ್ಕದ ಮೇಲೆ ನೇಮಿಸಿದರೆ ಖಜಾನೆಗೆ ದೊಡ್ಡ ಹೊರೆಯಾಗಲಾರದು. ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಂದ ಹೊರಬರುವ ಮಕ್ಕಳು ಎರಡೂ ಭಾಷೆ ಬಲ್ಲವರು. "ಕನ್ನಡ ಕಲಿತು ಏನು ಮಾಡುವುದು ಮಾಸ್ತರೇ?" ಎಂದು ಕೇಳುವ ತಂದೆತಾಯಿಗಳಿಗೆ ನಾವು ತೋರಿಸಬಹುದಾದ ಒಂದು ಕೆಲಸವಾದರೂ ಆದೀತು. ನಮ್ಮ ಕ್ರಯಪತ್ರವನ್ನು ಅನುವಾದಿಸಿದ ಹುಡುಗಿಗೆ ಆಮೇಲೆ ಇನ್ನೂ ಏಳು ಮನೆಗಳಿಂದ ಕರೆ ಬಂತು.

ಸರಕಾರ ನೇಮಿಸುವವರೆಗೆ, ಹಳೆಯ ಕೈಬರಹ ಓದಲಾಗದವರು ಶನಿವಾರ ಮಧ್ಯಾಹ್ನದ ಮೇಲೆ ನಮ್ಮ ಮನೆಗೆ ತರಬಹುದು. ಪತ್ರಿಕೆಯ ಕಚೇರಿಯಲ್ಲಿ ವಿಳಾಸವಿದೆ, ಶುಲ್ಕವೇನಿಲ್ಲ. ಕಾಗದಗಳನ್ನು ಮಾತ್ರ ತನ್ನಿ. ಕಳೆದ ತಿಂಗಳು ಹಿರಿಯರೊಬ್ಬರು ಪೆಟ್ಟಿಗೆಯನ್ನೇ ಆಟೋದಲ್ಲಿ ಹೇರಿಕೊಂಡು ಬಂದಿದ್ದರು, ಇಳಿಸಲು ನಾಲ್ಕು ಮಂದಿ ಬೇಕಾಯಿತು.